ಸೀಳುನಾಯಿಯ ಬರಿ ಕೇಳಿದ ಮಾಷ್ಟ್ರು

ಮಾಷ್ಟ್ರ ಉತ್ತರಕ್ರಿಯೆಯ ದಿನ, ಬೊಜ್ಜದ ಊಟ ಮುಗಿಸಿ ಹೊರಡುವ ಹೊತ್ತಿಗೆ ಅವರ ಹೆಂಡತಿ ಒಳಗಿನಿಂದ ಒಂದು ತಗಡಿನ ಡಬ್ಬ ತಂದು ಜಗಲಿಯ ಮೇಲೆ ನನ್ನ ಮುಂದಿಟ್ಟರು. ಹಿಂದೆ ಅಂಗಡಿಗಳಿಗೆ ಬಿಸ್ಕೂಟು ತುಂಬಿ ಬರುತ್ತಿದ್ದಂಥ ಚೌಕದ ಡಬ್ಬ.

"ಪಂಡಿತರೇ, ಇದನ್ನು ನೀವೇ ಕೊಂಡುಹೋಗಿ. ಮನೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಮಕ್ಕಳು ಬಿಡುವುದಿಲ್ಲ. ಬಿಸಾಡ್ಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ" ಎಂದರು.

ಒಳಗೆ ಏನುಂಟೆಂದು ನಾನು ಕೇಳಬೇಕಾಗಿರಲಿಲ್ಲ. ಮೂರು ತಲೆಬುರುಡೆಗಳು. ಒಂದು ಊರನಾಯಿಯದು, ಒಂದು ನರಿಯದು, ಒಂದು ಸೀಳುನಾಯಿಯದು. ಆ ಮೂರರ ಜೊತೆ ಒಂದೇ ಕೋಣೆಯಲ್ಲಿ ಆರು ವರ್ಷ ಮಲಗಿದವನು ನಾನು. ಒಡಹುಟ್ಟಿದ ತಮ್ಮನ ಜೊತೆಗೂ ಅಷ್ಟು ಕಾಲ ಒಂದೇ ಕೋಣೆಯಲ್ಲಿ ಇದ್ದವನಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಮೂಡುಬಿದಿರೆಯ ಒಂದು ಹೈಸ್ಕೂಲಿಗೆ ಕನ್ನಡ ಪಂಡಿತನಾಗಿ ಸೇರಿದೆ. ನನ್ನ ಊರು ಪೊಳಲಿ. ದಿನಾ ಹೋಗಿಬರುವಷ್ಟು ಬಸ್ಸುಗಳು ಆಗ ಇರಲಿಲ್ಲ. ವಿಜ್ಞಾನದ ಮಾಷ್ಟ್ರ ಕೋಣೆಯಲ್ಲಿ ಇನ್ನೊಂದು ಮಂಚಕ್ಕೆ ಜಾಗ ಉಂಟೆಂದು ಯಾರೋ ಹೇಳಿದರು. ಹೋಗಿ ಕೇಳಿದೆ. ಮುಂಡಾಜೆಯ ಕಡೆಯವರು, ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು, ಉದ್ದಕ್ಕೆ ಸಪೂರಕ್ಕೆ ಇದ್ದರು. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ನಾಯಿಗೆ ಹೆದರ್ತೀರಾ?" ಎಂದು ಕೇಳಿದರು. ಇಲ್ಲ ಎಂದೆ. "ಸತ್ತ ನಾಯಿಗೆ?" ಎಂದರು. ಸುಮ್ಮನೆ ತಮಾಷೆ ಮಾಡುತ್ತಾರೆ ಅಂದುಕೊಂಡು ಅದಕ್ಕೂ ಇಲ್ಲ ಎಂದುಬಿಟ್ಟೆ. ಸಂಜೆ ಪೆಟ್ಟಿಗೆ ಹಾಸಿಗೆ ಹೊತ್ತು ತಂದಾಗ ನನ್ನ ಮಂಚದ ತಲೆದೆಸೆಯ ಕಿಟಕಿಯಲ್ಲಿ ಮೂವರೂ ಹಲ್ಲುಬಿಟ್ಟು ಕೂತಿದ್ದರು.

ಮನುಷ್ಯರು ನಕ್ಕರೆ ನಾವು ಮುಖ ನೋಡುತ್ತೇವೆ, ಮಾಷ್ಟ್ರು ಹಲ್ಲು ನೋಡುತ್ತಿದ್ದರು. ಯೋಚನೆಗೆ ಬಿದ್ದಾಗ ನಾಲಿಗೆಯ ತುದಿಯಿಂದ ತಮ್ಮದೇ ದವಡೆಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುವ ಅಭ್ಯಾಸ ಬೇರೆ. ಕೆನ್ನೆಯೊಳಗೆ ಗುಬ್ಬಚ್ಚಿ ಓಡಾಡಿದ ಹಾಗೆ ಕಾಣುತ್ತಿತ್ತು. ಮಕ್ಕಳು ಅವರಿಗೆ 'ಹಲ್ಲು ಮಾಷ್ಟ್ರು' ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಸೀಳುನಾಯಿಯ ಬುರುಡೆ ಅವರಿಗೆ ಸಿಕ್ಕಿದ್ದು ಚಾರ್ಮಾಡಿ ಘಾಟಿಯ ಬುಡದ ಒಂದು ತೋಡಿನ ಬದಿಯಲ್ಲಿ, ಕಾಡುಪ್ರಾಣಿಗಳ ಕಾನೂನು ಬರುವುದಕ್ಕೆ ಎಷ್ಟೋ ಮೊದಲು. ಆ ಬುರುಡೆಯೇ ಅವರನ್ನು ಹಾಳುಮಾಡಿದ್ದು ಎಂದು ನಾನು ಛೇಡಿಸುತ್ತಿದ್ದೆ. ಊರನಾಯಿಗೆ, ನರಿಗೆ, ತೋಳಕ್ಕೆ ಕೆಳದವಡೆಯ ಒಂದೊಂದು ಬದಿಯಲ್ಲಿ ಹಿಂದಿನ ಹಲ್ಲು ಮೂರು. ಸೀಳುನಾಯಿಗೆ ಎರಡೇ. "ಎಣಿಸಿ, ಪಂಡಿತರೇ, ಎಣಿಸಿ" ಎಂದು ನನ್ನ ಬೆರಳು ಹಿಡಿದು ಆ ಒಣ ಎಲುಬಿನ ಮೇಲೆ ಆಡಿಸಿದ್ದರು. ಮತ್ತೊಂದು ವಿಷಯ ಉಂಟು: ಕೆಳಗಿನ ದೊಡ್ಡ ಕತ್ತರಿಹಲ್ಲಿನ ಹಿಂಭಾಗ ಊರನಾಯಿಗೆ ಸಣ್ಣ ತಟ್ಟೆಯ ಹಾಗೆ ಅಗಲ, ಅನ್ನವನ್ನೋ ಎಲುಬನ್ನೋ ಅಗಿಯಲಿಕ್ಕೆ. ಸೀಳುನಾಯಿಗೆ ಅಲ್ಲಿಯೂ ಕತ್ತಿಯಂಥ ಅಂಚು. ಅದಕ್ಕೆ ಮಾಂಸ ಕತ್ತರಿಸಿ ನುಂಗುವುದು ಮಾತ್ರ ಕೆಲಸ.

ಜೀವಂತ ಸೀಳುನಾಯಿಯನ್ನು ಅವರು ಕಂಡದ್ದು ಒಂದೇ ಸಲ, ಘಾಟಿಯ ಬಸ್ಸಿನಿಂದ. ಕಾಡಿನೊಳಗಿಂದ ಸೀಟಿ ಕೇಳಿತಂತೆ. ಡ್ರೈವರು ಕಂಡಕ್ಟರನ ಸೀಟಿ ಎಂದುಕೊಂಡು ಬಸ್ಸು ನಿಲ್ಲಿಸಿದನಂತೆ. ಕೆಂಪು ಮೈ, ಕಪ್ಪು ಬಾಲದ ಏಳು ನಾಯಿಗಳು ಒಂದರ ಹಿಂದೆ ಒಂದು ರಸ್ತೆ ದಾಟಿ ಹೋದವು. ಆ ಸೀಟಿಯನ್ನು ತರಗತಿಯಲ್ಲಿ ಮಾಡಿ ತೋರಿಸಲು ಹೋಗಿ ಮುಖ್ಯೋಪಾಧ್ಯಾಯರಿಂದ ಬೈಸಿಕೊಂಡರು. ಬೈಗುಳ ಮುಗಿದ ಮೇಲೆ ಮಕ್ಕಳಿಗೆ, "ನಾಯಿ ಬೊಗಳುವುದು ಎಲ್ಲರಿಗೂ ಗೊತ್ತುಂಟು, ಸೀಟಿ ಹೊಡೆಯುವ ನಾಯಿ ಯಾರ ಮನೆಯದ್ದು ಅಂತ ನಾವು ಕೇಳಬೇಕಾ ಬೇಡವಾ?" ಎಂದರಂತೆ.

ಯಾರ ಮನೆಯದ್ದು ಎಂಬುದೇ ಅವರ ಪಾಠದ ಕ್ರಮ. ನಮ್ಮ ತುಳುನಾಡಿನಲ್ಲಿ ಇಬ್ಬರು ಅಪರಿಚಿತರು ಹತ್ತು ನಿಮಿಷ ಮಾತಾಡಿದರೆ 'ನಿಮ್ಮದು ಯಾವ ಬರಿ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಬರಿ ಎಂದರೆ ತಾಯಿಯ ಕಡೆಯಿಂದ ಇಳಿದು ಬರುವ ವಂಶದ ಗುರುತು. ಒಂದೇ ಬರಿಯವರು ಅಣ್ಣತಂಗಿಯರ ಲೆಕ್ಕ, ಮದುವೆಯಾಗುವ ಹಾಗಿಲ್ಲ. ಇವರು ಅದನ್ನೇ ಹಿಡಿದು ಪ್ರಾಣಿಗಳ ವರ್ಗೀಕರಣ ಕಲಿಸುತ್ತಿದ್ದರು. "ಮುಖ ನೋಡಿ ಬರಿ ಹೇಳಬಾರದು ಮಕ್ಕಳೇ. ಒಂದೇ ಬರಿಯಲ್ಲಿ ಕರಿಯನೂ ಇರ್ತಾನೆ, ಬಿಳಿಯನೂ ಇರ್ತಾನೆ" ಎನ್ನುವುದು ಅವರ ಬಾಯಿಪಾಠದ ಮಾತು. ಕರಿಹಲಗೆಯಲ್ಲಿ ನಾಯಿಗಳ ವಂಶವೃಕ್ಷ ಬರೆಯುವಾಗ ಬದುಕಿರುವವರಿಗೆ ತುಂಬು ಗೆರೆಯ ಎಲೆ, ಅಳಿದುಹೋದವರಿಗೆ ಚುಕ್ಕೆಗಳ ಎಲೆ. "ಮನೆಯಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವುದಿಲ್ಲವಾ? ಇಲ್ಲಿಯೂ ಹಾಕಬೇಕು. ಇಲ್ಲದಿದ್ದರೆ ಉಳಿದವರು ಯಾರ ಮಕ್ಕಳು ಅಂತ ಹೇಗೆ ಗೊತ್ತಾಗುವುದು?" ಎನ್ನುತ್ತಿದ್ದರು.

ಆ ಚುಕ್ಕೆ ಎಲೆಗಳ ಕಥೆ ಕೇಳುತ್ತ ನಾನೂ ಎಷ್ಟೋ ಸಂಜೆ ಅಡುಗೆ ಸೀಯಿಸಿದ್ದೇನೆ. ಇಡೀ ನಾಯಿವಂಶದ ಮೂಲದವ ಅಮೆರಿಕದಲ್ಲಿ ಹುಟ್ಟಿದವನಂತೆ, ಮುಂಗುಸಿಯ ಹಾಗೆ ಉದ್ದ ಮೈ, ಗಿಡ್ಡ ಕಾಲು. ಎಲುಬನ್ನು ಹುಡಿ ಮಾಡುವ ಹಲ್ಲಿನ ಭಾರೀ ನಾಯಿಗಳು ಅಲ್ಲಿ ಕೋಟ್ಯಂತರ ವರ್ಷ ಬಾಳಿ ಒಬ್ಬರೂ ಉಳಿಯದೆ ಹೋದವಂತೆ. ನಮ್ಮ ಚಾರ್ಮಾಡಿಯ ಸೀಳುನಾಯಿಯ ದಾಯಾದಿಗಳ ಎಲುಬು ಯುರೋಪಿನ ಗುಹೆಗಳಲ್ಲಿ ಸಿಗುತ್ತದಂತೆ. "ಅಲ್ಲಿಂದ ಯಾಕೆ ಹೋದವು ಮಾರಾಯ್ರೇ?" ಎಂದು ನಾನು ಕೇಳಿದರೆ, "ಅದು ಗೊತ್ತಾದ ದಿನ ನಿಮ್ಮನ್ನು ಎಬ್ಬಿಸಿ ಹೇಳ್ತೇನೆ" ಎನ್ನುತ್ತಿದ್ದರು.

ಇಂಥವರು ತಪ್ಪಿದ್ದು ಎಲ್ಲಿ ಎಂದರೆ ಆ ಹಲ್ಲಿನಲ್ಲೇ.

ಅವರ ಬಳಿ ಕೆಂಪು ಕ್ಯಾಲಿಕೋ ಬಟ್ಟೆಯ ಹೊದಿಕೆಯ ಒಂದು ಹಳೆಯ ಇಂಗ್ಲಿಷ್ ಪುಸ್ತಕ ಇತ್ತು. ಅದರ ಪ್ರಕಾರ ನಮ್ಮ ಸೀಳುನಾಯಿ, ಆಫ್ರಿಕದ ಮಚ್ಚೆಮಚ್ಚೆಯ ಬೇಟೆನಾಯಿ, ದಕ್ಷಿಣ ಅಮೆರಿಕದ ಗಿಡ್ಡಕಾಲಿನ ಪೊದೆನಾಯಿ, ಈ ಮೂರಕ್ಕೂ ಕತ್ತರಿಹಲ್ಲಿನ ಹಿಂಭಾಗ ಒಂದೇ ನಮೂನೆ, ಕತ್ತಿಯ ಹಾಗೆ. ಆದ್ದರಿಂದ ಮೂರೂ ಒಂದೇ ಕವಲು. ಮೂರು ಖಂಡಗಳಿಗೆ ಚೆದರಿಹೋದ ಒಂದೇ ಮನೆಯ ಅಕ್ಕತಂಗಿಯರು ಎಂದು ಇವರು ಪಾಠ ಮಾಡುತ್ತಿದ್ದರು. ಪಠ್ಯಪುಸ್ತಕದಲ್ಲಿ ಈ ವಿಷಯ ಒಂದು ಸಾಲೂ ಇರಲಿಲ್ಲ.

ನಾನು ಸೇರಿದ ಎರಡನೆಯ ವರ್ಷ ಮಂಗಳೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪ್ರಬಂಧದ ಸ್ಪರ್ಧೆ ನಡೆಯಿತು. ಶಾಲೆಯಿಂದ ಒಂದೇ ಪ್ರಬಂಧ, ಆರಿಸಬೇಕಾದವರು ಇವರು. ಹತ್ತನೆಯ ತರಗತಿಯಲ್ಲಿ ಪೇಟೆಯ ಒಣಮೀನಿನ ಅಂಗಡಿಯ ಬ್ಯಾರಿ ಮುಸ್ಲಿಮರ ಮಗಳೊಬ್ಬಳಿದ್ದಳು. ಎರಡನೆಯ ಬೆಂಚಿನ ತುದಿಯಲ್ಲಿ ಕೂತು, ಕೈ ಎತ್ತದೆ ಎದ್ದುನಿಂತೇ ಪ್ರಶ್ನೆ ಕೇಳುವವಳು. ಅವಳು ಪ್ರಬಂಧ ಕೊಡುವಾಗ ನಾನು ಪಕ್ಕದಲ್ಲೇ ಇದ್ದೆ.

"ಸರ್, ಇದು ಮಂಗಳೂರಿಗೆ ಹೋದ್ರೆ ನನ್ನನ್ನು ಕಾಲೇಜಿಗೆ ಸೇರಿಸ್ತೇನೆ ಅಂತ ತಂದೆಯವರು ಹೇಳಿದ್ದಾರೆ" ಎಂದಳು.

"ಪ್ರಬಂಧ ಚೆನ್ನಾಗಿದ್ರೆ ಹೋಗ್ತದೆ" ಎಂದರು ಇವರು.

ಕೋಣೆಗೆ ಬಂದು ಓದಿದರು. ಓದುತ್ತ ಓದುತ್ತ ಕಿವಿ ಕೆಂಪಾಯಿತು. ಮೂರು ನಾಯಿಗಳೂ ಅಕ್ಕತಂಗಿಯರಲ್ಲ ಎಂದು ಬರೆದಿದ್ದಳು. 'ನನ್ನ ತಾಯಿ ಬೀಡಿ ಕಟ್ಟುತ್ತಾರೆ. ಎಲೆ ಕತ್ತರಿಸುವ ಕತ್ತರಿಯಿಂದ ಅವರ ಹೆಬ್ಬೆರಳಿನಲ್ಲಿ ಗಂಟು ಉಂಟು. ಪಕ್ಕದ ಮನೆಯ ಕ್ರಿಶ್ಚಿಯನ್ ಬಾಯಮ್ಮನವರೂ ಬೀಡಿ ಕಟ್ಟುತ್ತಾರೆ. ಅವರಿಗೂ ಅದೇ ಜಾಗದಲ್ಲಿ ಅದೇ ಗಂಟು ಉಂಟು. ಅವರಿಬ್ಬರೂ ಒಂದೇ ಮನೆಯವರಲ್ಲ, ಒಂದೇ ಕೆಲಸದವರು. ಮುಖ ನೋಡಿ ಬರಿ ಹೇಳಬಾರದು ಎಂದು ನಮಗೆ ಕಲಿಸಿದ್ದಾರೆ. ಹಲ್ಲು ನೋಡಿಯೂ ಹೇಳಬಾರದು ಎಂದು ನನಗೆ ತೋರುತ್ತದೆ.' ಇಷ್ಟೇ ಮುಖ್ಯ ಮಾತು.

"ಪುಸ್ತಕದಲ್ಲಿ ಅಷ್ಟು ದೊಡ್ಡವರು ಬರೆದದ್ದು ಸುಳ್ಳು, ಇವಳ ಅಮ್ಮನ ಬೆರಳು ಸತ್ಯ!" ಎಂದು ಕೆಂಪು ಶಾಯಿಯ ಪೆನ್ನು ತೆಗೆದರು. ಆಮೇಲೆ ನನ್ನ ಕಡೆ ತಿರುಗಿ, "ಪಂಡಿತರೇ, ಇದಕ್ಕೆ ತಕ್ಕ ಒಂದು ವಾಕ್ಯ ಕೊಡಿ" ಎಂದರು.

ಕೊಟ್ಟವನು ನಾನು. ವಯಸ್ಸು ಇಪ್ಪತ್ತಾರು, ಹಳಗನ್ನಡದ ಮದ ತಲೆಗೇರಿತ್ತು. ಮಂಚದ ಮೇಲೆ ಕಾಲುಚಾಚಿ ಕೂತು, 'ಪಾಕಶಾಲೆಯ ಉಪಮೆಯು ಶಾಸ್ತ್ರಕ್ಕೆ ಪ್ರಮಾಣವಲ್ಲ, ಊಹೆಗೆ ಅಂಕವಿಲ್ಲ' ಎಂದು ಹೇಳಿ, ಅದರ ಲಯಕ್ಕೆ ನಾನೇ ತಲೆದೂಗಿದೆ. ಅವರು ಹಾಗೆಯೇ ಬರೆದು, ಇಪ್ಪತ್ತೈದಕ್ಕೆ ನಾಲ್ಕು ಅಂಕ ಹಾಕಿದರು. ಮಂಗಳೂರಿಗೆ ಬೇರೊಬ್ಬನ ಪ್ರಬಂಧ ಹೋಯಿತು. ಅವಳು ಅಂಕ ನೋಡಿ ಕಾಗದವನ್ನು ಮನೆಗೆ ಒಯ್ದಳು. ಎರಡು ದಿನ ಬಿಟ್ಟು ತಂದು ಅವರ ಮೇಜಿನ ಮೇಲೆ ಇಟ್ಟು ಹೋದಳು. ಆ ವರ್ಷವೇ ಶಾಲೆ ಬಿಟ್ಟವಳು ಕಾಲೇಜಿಗೆ ಸೇರಲಿಲ್ಲ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಇವರು ಆ ಪ್ರಬಂಧವನ್ನು ಡಬ್ಬದಲ್ಲಿ ಇಟ್ಟುಕೊಂಡು ಪ್ರತಿ ವರ್ಷ ಹೊಸ ತರಗತಿಗೆ ಓದಿ ಹೇಳುತ್ತಿದ್ದರು. ಹೆಸರು ಹೇಳುತ್ತಿರಲಿಲ್ಲ. ವಿಜ್ಞಾನದಲ್ಲಿ ಹೇಗೆ ಯೋಚಿಸಬಾರದು ಎಂಬುದಕ್ಕೆ ಉದಾಹರಣೆಯಾಗಿ. ಮಕ್ಕಳು ನಗುತ್ತಿದ್ದರು. ಕೊನೆಗೆ ಬರುವ ನನ್ನ ವಾಕ್ಯಕ್ಕೆ ಇನ್ನೂ ಜೋರಾಗಿ ನಗುತ್ತಿದ್ದರು. ನನಗೂ ಹೆಮ್ಮೆಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಎಂಬತ್ತರ ದಶಕ ಶುರುವಾದ ಮೇಲೆ ಒಂದು ಬೇಸಗೆಯಲ್ಲಿ ಅವರು ಶಿಕ್ಷಕರ ತರಬೇತಿಗೆಂದು ಮೈಸೂರಿಗೆ ಹೋದರು. ಆ ವೇಳೆಗೆ ನಾನು ಮದುವೆಯಾಗಿ ಬೇರೆ ಮನೆ ಮಾಡಿದ್ದೆ. ಬಂದವರು ನೇರ ನಮ್ಮ ಮನೆಗೆ ಬಂದರು. ಕೊಟ್ಟ ಕಾಫಿ ತಣಿದು ಕೆನೆಗಟ್ಟಿತು. ಕೆನ್ನೆಯೊಳಗೆ ನಾಲಿಗೆ ಓಡುತ್ತಲೇ ಇತ್ತು.

"ಅಕ್ಕತಂಗಿಯರಲ್ಲವಂತೆ, ಪಂಡಿತರೇ" ಎಂದರು.

ಯಾರು ಎಂದು ನಾನು ಕೇಳಿದೆ.

"ಮೂರು ನಾಯಿಗಳು. ಅಲ್ಲಿಯ ಲೈಬ್ರರಿಯಲ್ಲಿ ಹೊಸ ಪುಸ್ತಕ ನೋಡಿದೆ. ಹಲ್ಲು ಒಂದನ್ನೇ ಅಲ್ಲ, ಬುರುಡೆ, ಮೈಕಟ್ಟು, ನಡತೆ ಎಲ್ಲಾ ಇಟ್ಟು ತೂಗಿ ನೋಡಿದ್ದಾರೆ. ಪೊದೆನಾಯಿ ಅಲ್ಲಿಯದೇ ನರಿಗಳ ಕಡೆಯದ್ದು. ಬೇಟೆನಾಯಿ ಬೇರೆ. ನಮ್ಮದು ಬೇರೆ. ಮೂವರೂ ಬರೀ ಮಾಂಸ ತಿಂದು ಬದುಕಿದವರು, ಅದಕ್ಕೆ ಹಲ್ಲು ಒಂದೇ ಹಾಗೆ ಆದದ್ದು." ಲೋಟವನ್ನು ಬದಿಗೆ ಸರಿಸಿ, "ಒಂದೇ ಮನೆಯವರಲ್ಲ, ಒಂದೇ ಕೆಲಸದವರು" ಎಂದರು.

ಆ ವಾಕ್ಯ ನನಗೂ ಬಾಯಿಪಾಠವಿತ್ತು. ಅವರು ಜೋಳಿಗೆಯಿಂದ ಪ್ರಬಂಧ ತೆಗೆದರು. ಹತ್ತು ವರ್ಷ ಓದಿ ಓದಿ ಮಡಿಕೆಗಳು ಹರಿದಿದ್ದವು.

"ನಾಳೆ ಅವಳ ತಂದೆಯನ್ನು ಕಂಡು ಕೇಳುವ. ನೀವೂ ಬನ್ನಿ. ವಾಕ್ಯ ನಿಮ್ಮದು" ಎಂದರು.

ಒಣಮೀನಿನ ಅಂಗಡಿಯ ಯಜಮಾನರು ಮೊದಲು ಗಾಬರಿಯಾದರು. ಇಬ್ಬರು ಮಾಷ್ಟ್ರು ಒಟ್ಟಿಗೆ ಬಂದರೆ ಯಾರಿಗಾದರೂ ಹಾಗೆಯೇ. ಮಗಳನ್ನು ಬಂಟ್ವಾಳಕ್ಕೆ ಕೊಟ್ಟಾಗಿದೆ, ಅಳಿಯ ಸೌದಿಯ ದಮ್ಮಾಮಿನಲ್ಲಿ ಇದ್ದಾನೆ, ಎರಡು ಮಕ್ಕಳು ಎಂದರು. ವಿಷಯ ಪೂರ್ತಿ ಕೇಳಿ, "ನಾಯಿಯ ಹಲ್ಲಿಗೆ ಬೇಕಾಗಿ ನೀವು ಬಂಟ್ವಾಳಕ್ಕೆ ಹೋಗುವುದಾ ಮಾಷ್ಟ್ರೇ?" ಎಂದರು. ಹೌದು ಎಂದಾಗ, "ಹಾಗಾದ್ರೆ ಭಾನುವಾರ ನಾನೂ ಬರ್ತೇನೆ, ಮಕ್ಕಳನ್ನು ನೋಡಿದ ಹಾಗೂ ಆಯಿತು" ಎಂದು ತಕ್ಕಡಿ ಬದಿಗಿಟ್ಟರು.

ಬಸ್ಸಿನಲ್ಲಿ ಮಾಷ್ಟ್ರು ಕೊಡೆಯನ್ನು ಮಂಡಿಯ ನಡುವೆ ನಿಲ್ಲಿಸಿಕೊಂಡು ಕೂತಿದ್ದರು. ಸಿದ್ಧಕಟ್ಟೆ ದಾಟಿದ ಮೇಲೆ ಪಕ್ಕದ ಯಜಮಾನರನ್ನು, "ನಿಮ್ಮಲ್ಲಿಯೂ ಬರಿಯ ಹಾಗೆ ಏನಾದ್ರೂ ಉಂಟಾ?" ಎಂದು ಕೇಳಿದರು. "ಉಂಟು. ಇಲ್ಲಂ ಅಂತ ಹೇಳ್ತೇವೆ" ಎಂದು ಅವರು ಹೇಳಿದರು. ಇವರು ಅದನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಆ ಸಂಕಟದಲ್ಲಿಯೂ ಬರೆದುಕೊಂಡರಲ್ಲ ಎಂದು ನನಗೆ ಆಶ್ಚರ್ಯವಾಯಿತು.

ಪೇಟೆಯ ಹಿಂದೆ, ನೇತ್ರಾವತಿಯ ಕಡೆಗೆ ಇಳಿಯುವ ದಾರಿಯಲ್ಲಿ ಮನೆ. ಅವಳು ತಲೆಗೆ ಬಟ್ಟೆ ಹೊದ್ದು, ಶರಬತ್ತಿನ ಲೋಟಗಳನ್ನು ತಂದಳು. ಅವಳು ಬಾಗಿಲಿಗೆ ಬಂದದ್ದೇ ಮಾಷ್ಟ್ರು ಎದ್ದುನಿಂತರು. ಶಿಷ್ಯೆಗೆ ಮಾಷ್ಟ್ರು ಎದ್ದುನಿಲ್ಲುವುದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. "ಕೂತ್ಕೊಳ್ಳಿ ಸರ್, ಕೂತ್ಕೊಳ್ಳಿ" ಎಂದು ಅವಳು ಎರಡು ಸಲ ಹೇಳಿದಳು. ಅವರು ನಿಂತೇ ಎಲ್ಲವನ್ನೂ ಹೇಳಿದರು. ಪುಸ್ತಕ ತಪ್ಪಿದ್ದು, ತಾನು ತಪ್ಪಿದ್ದು, ಅವಳ ಪ್ರಬಂಧವನ್ನು ವರ್ಷ ವರ್ಷವೂ ಓದಿ ನಗಿಸಿದ್ದು, ಯಾವುದನ್ನೂ ಬಿಡಲಿಲ್ಲ. ಆ ವಾಕ್ಯ ನನ್ನದೆಂದು ನಾನೂ ಹೇಳಿದೆ.

ಅವಳು ಪ್ರಬಂಧವನ್ನು ಕೈಗೆ ತೆಗೆದುಕೊಂಡು ಕೊನೆಯ ಪುಟ ನೋಡಿದಳು.

"ನೀನು ಕಾಲೇಜಿಗೆ ಹೋಗದೆ ಇದ್ದದ್ದು ಇದರಿಂದಲಾ?" ಎಂದು ಮಾಷ್ಟ್ರು ಕೇಳಿದರು.

ಅವಳು ತಂದೆಯ ಮುಖ ನೋಡಿದಳು. ಅವರು ಲೋಟದೊಳಗೆ ನೋಡುತ್ತಿದ್ದರು.

"ಇದೂ ಒಂದು ಕಾರಣ ಸರ್. ಸುಳ್ಳು ಹೇಳುವುದಿಲ್ಲ. ಮಾಷ್ಟ್ರು ಏನು ಬರೆದಿದ್ದಾರೆ ಅಂತ ತಂದೆಯವರು ಕೇಳಿದ್ರು. ಓದಿ ಹೇಳಿದೆ. ಮಾಷ್ಟ್ರೇ ಹೀಗೆ ಹೇಳಿದ ಮೇಲೆ ಸಾಕು ಅಂದ್ರು."

"ಅದು ನನ್ನಿಂದ ವಾಪಸು ಕೊಡ್ಲಿಕ್ಕೆ ಆಗುವುದಿಲ್ಲ. ಅಂಕ ಕೊಡಬಹುದು ಅಷ್ಟೆ" ಎಂದು ಅವರು ಕಿಸೆಯಿಂದ ಕೆಂಪು ಪೆನ್ನು ತೆಗೆದರು. ನಮ್ಮ ವಾಕ್ಯದ ಮೇಲೆ ಅಡ್ಡಗೆರೆ ಎಳೆದು ಕೆಳಗೆ ಸಹಿ ಹಾಕಿದರು. ನಾಲ್ಕನ್ನು ಹೊಡೆದು ಇಪ್ಪತ್ತನಾಲ್ಕು ಎಂದು ಬರೆದರು.

ಅವಳು ನೋಡಿ, "ಒಂದು ಅಂಕ ಯಾಕೆ ಕಡಿಮೆ ಸರ್?" ಎಂದಳು. ಹತ್ತು ವರ್ಷದ ಹಿಂದೆ ಕೈ ಎತ್ತದೆ ಎದ್ದುನಿಲ್ಲುತ್ತಿದ್ದವಳ ಸ್ವರವೇ.

ಮಾಷ್ಟ್ರು ಆಗ ಕೂತರು. "ನಿನ್ನ ತಾಯಿಯ ಬೆರಳಿನ ಗಂಟು ನಿನಗೆ ಬಂದಿದೆಯಾ?"

ಅವಳು ಹೆಬ್ಬೆರಳು ನೋಡಿಕೊಂಡಳು. "ಇಲ್ಲ."

"ಸೀಳುನಾಯಿಯ ಹಲ್ಲು ಮರಿಗೆ ಬರ್ತದೆ. ಗಂಟು ಬರುವುದಿಲ್ಲ, ಹಲ್ಲು ಬರ್ತದೆ. ಅದು ಹೇಗೆ ಅಂತ ನೀನು ಬರೆಯಲಿಲ್ಲ. ಅದಕ್ಕೆ ಒಂದು ಅಂಕ."

"ಹಾಗಾದ್ರೆ ಅದು ಯಾರ ಮನೆಯದ್ದು ಸರ್? ಆ ಎರಡೂ ಅದರ ಸಂಬಂಧಿಕರಲ್ಲದಿದ್ದರೆ ನಮ್ಮ ಸೀಳುನಾಯಿಯ ಬರಿ ಯಾವುದು?"

"ಅದನ್ನೂ ಸೇರಿಸಿ ಬರೆದು ಕಳಿಸು. ಅವಸರ ಇಲ್ಲ" ಎಂದರು. ಅವರ ಮುಖದ ಮೇಲೆ ಮೈಸೂರಿನಿಂದ ಬಂದ ಮೇಲೆ ಮೊದಲ ಸಲ ನಗು ಕಂಡೆ. ಹೊರಡುವಾಗ ಯಜಮಾನರು ಮಗಳ ಬಳಿ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ಅವಳು ತಲೆ ಅಲ್ಲಾಡಿಸಿದಳು, ಕಣ್ಣು ಒರೆಸಿಕೊಂಡಳು. ನನಗೆ ಅರ್ಥವಾಗಲಿಲ್ಲ, ನಾನು ಕೇಳಲೂ ಇಲ್ಲ.

ಮುಂದಿನ ಸೋಮವಾರ ಅವರು ಎಲ್ಲ ತರಗತಿಗಳಿಗೂ ಹೋಗಿ ಕರಿಹಲಗೆಯಲ್ಲಿ ಆ ಮೂರು ಎಲೆಗಳನ್ನು ಬೇರೆ ಬೇರೆ ಕೊಂಬೆಗೆ ಹಾಕಿದರು. ಸೀಳುನಾಯಿಯ ಕೊಂಬೆಯ ಬುಡದಲ್ಲಿ ಒಂದು ಪ್ರಶ್ನೆಚಿಹ್ನೆ ಇಟ್ಟರು. ಹಳೆಯ ಶಿಷ್ಯರು ಬಸ್ ಸ್ಟ್ಯಾಂಡಿನಲ್ಲೋ ಮದುವೆಯ ಊಟದ ಪಂಕ್ತಿಯಲ್ಲೋ ಸಿಕ್ಕಿದರೆ, ಕುಶಲ ಕೇಳುವ ಮೊದಲು, "ನಾನು ಕಲಿಸಿದ್ದು ತಪ್ಪು ಮಾರಾಯ, ಆ ಮೂರು ಒಂದೇ ಮನೆಯದ್ದಲ್ಲ" ಎನ್ನುತ್ತಿದ್ದರು. ಬ್ಯಾಂಕಿನಲ್ಲಿದ್ದ ಒಬ್ಬನಿಗೆ ಯಾವ ಮೂರು ಎಂದು ನೆನಪೇ ಇರಲಿಲ್ಲ. ಅವನಿಗೆ ಮೊದಲಿನಿಂದ ಪಾಠ ಮಾಡಿ ಆಮೇಲೆ ತಿದ್ದಿದರು.

ನಿವೃತ್ತರಾಗಿ ಮುಂಡಾಜೆಗೆ ಹೋದ ಮೇಲೂ ನನ್ನನ್ನು ಕಂಡಾಗಲೆಲ್ಲ, "ಬಂಟ್ವಾಳದಿಂದ ಕಾಗದ ಬಂತಾ?" ಎನ್ನುತ್ತಿದ್ದರು. ಶಾಲೆಯ ವಿಳಾಸ ಕೊಟ್ಟು ಬಂದಿದ್ದರಲ್ಲ. ಹಾಸಿಗೆ ಹಿಡಿದ ಮೇಲೂ ಅದೇ ಪ್ರಶ್ನೆ. ಹೋದ ಮಳೆಗಾಲದಲ್ಲಿ ಶಾಲೆಗೆ ಅವಳ ಕಾಗದ ಬಂತು, ಒಂದು ನೀಲಿ ಇನ್‌ಲ್ಯಾಂಡ್. ನಾನೇ ವಿಳಾಸ ತಿದ್ದಿ ಮುಂಡಾಜೆಗೆ ಕಳುಹಿಸಿದೆ. ಆಮೇಲೆ ಬಂದ ಸುದ್ದಿ ಅವರು ತೀರಿಹೋದರೆಂದು.

ಡಬ್ಬವನ್ನು ಮನೆಗೆ ತಂದು ತೆರೆದಾಗ ಆ ಇನ್‌ಲ್ಯಾಂಡ್ ಸೀಳುನಾಯಿಯ ಬುರುಡೆಯ ಕೆಳಗೇ ಇತ್ತು. ಓದಿ, ಮರುದಿನವೇ ಡಬ್ಬ ಹಿಡಿದು ಬಂಟ್ವಾಳದ ಬಸ್ಸು ಹತ್ತಿದೆ.

ಬಾಗಿಲಿಗೆ ಬಂದವಳಿಗೆ ಮಾಷ್ಟ್ರ ಸುದ್ದಿ ಹೇಳಿದೆ. "ಬರೀಲಿಕ್ಕೆ ನಾನು ತಡ ಮಾಡಿದೆ ಸರ್" ಎಂದಳು. ನಾನು ಕಾಗದ ಕೊಟ್ಟೆ. ಅವಳದೇ ಅಕ್ಷರ: 'ಒಂದು ಸೂಲಿನ ಮರಿಗಳೆಲ್ಲ ಒಂದೇ ಹಾಗೆ ಇರುವುದಿಲ್ಲ, ಹುಟ್ಟುವಾಗಲೇ ಹಲ್ಲು ಸ್ವಲ್ಪ ಸ್ವಲ್ಪ ಬೇರೆ. ಗುಂಪಿನಲ್ಲಿ ಬೇಗ ಕತ್ತರಿಸಿ ನುಂಗಿದ ಮರಿ ಬದುಕುತ್ತದೆ, ಅದರ ಮರಿಗೆ ಆ ಹಲ್ಲು ಹೋಗುತ್ತದೆ. ಕೆಲಸ ಹಲ್ಲನ್ನು ಮಾಡುವುದಿಲ್ಲ, ಹಲ್ಲುಗಳಲ್ಲಿ ಆರಿಸುತ್ತದೆ. ಬರಿ ಯಾವುದೆಂದು ಎಷ್ಟು ಯೋಚಿಸಿದರೂ ನನಗೆ ಗೊತ್ತಾಗಲಿಲ್ಲ.'

ಕೆಳಗೆ ಕೆಂಪು ಶಾಯಿಯಲ್ಲಿ ಮಾಷ್ಟ್ರ ಅಕ್ಷರ. ಈ ಸಲ ವಾಕ್ಯಕ್ಕೆ ಅವರು ನನ್ನನ್ನು ಕೇಳಿರಲಿಲ್ಲ.

'ಅರ್ಧ ಅಂಕ. ಉಳಿದ ಅರ್ಧ ನನಗೂ ಗೊತ್ತಿಲ್ಲ.'

ಅವಳು ಎರಡು ಸಲ ಓದಿದಳು. ಒಳಗೆ ಹೋಗಿ ಹಳೆಯ ಪ್ರಬಂಧ ತಂದು, ಇಪ್ಪತ್ತನಾಲ್ಕರ ಮುಂದೆ ಪೆನ್ಸಿಲಿನಲ್ಲಿ ಅರ್ಧ ಸೇರಿಸಿದಳು. ಆಮೇಲೆ ಡಬ್ಬದ ಮುಂದೆ ಕೂತು ಸೀಳುನಾಯಿಯ ಕೆಳದವಡೆಯನ್ನು ಎತ್ತಿ, ಬೆಳಕಿಗೆ ತಿರುಗಿಸಿ, ಹಿಂದಿನ ಹಲ್ಲುಗಳ ಮೇಲೆ ಬೆರಳಿಟ್ಟು ಎಣಿಸಿದಳು.

"ಎರಡೇ" ಎಂದಳು. ಆಮೇಲೆ ಎಣಿಸಿದ್ದನ್ನು ಇನ್ನೊಮ್ಮೆ ಎಣಿಸಿ, "ಡಬ್ಬ ಇಲ್ಲೇ ಇರಲಿ ಸರ್. ಆ ಅರ್ಧ ಬಾಕಿ ಉಂಟು" ಎಂದಳು.